ಇಂಜಿನು ಬಿಚ್ಚುವ ಮುನ್ನ

ಹಳೆಯ ಲಾರಿಯ ಸೈಲೆನ್ಸರಿನಿಂದ ನೀಲಿ ಹೊಗೆ ಕಂಡೊಡನೆ "ಇಂಜಿನು ಮುಗಿಯಿತು, ಬಿಚ್ಚಲೇಬೇಕು" ಎಂದು ತೀರ್ಪು ಹೇಳಿಬಿಡುವ ಪದ್ಧತಿ ನಾವು ಬಾಳುವ ಈ ಊರುಗಳಲ್ಲಿ ಬೇರೂರಿದೆ. ತೀರ್ಪು ಹೇಳುವವರು ದೂರ ನಿಂತು ಹೊಗೆಯನ್ನು ನೋಡಿರುತ್ತಾರೆ, ಅಷ್ಟೆ. ಆಯಿಲ್ ಗೇಜಿನ ಕಡ್ಡಿಯನ್ನು ಸಹ ಎಳೆದು ನೋಡಿರುವುದಿಲ್ಲ. ಅವರ ಮಾತು ಎಷ್ಟೋ ಸಲ ನಿಜವಾಗುವುದೂ ಉಂಟು. ಲಾರಿಗೆ ವಯಸ್ಸಾಗಿ ಹೊಗೆ ನೀಲಿಯಾಗಿದ್ದರೆ ಪಿಸ್ಟನ್ ರಿಂಗು ಸವೆದಿರುವ ಸಂಭವ ಇದ್ದೇ ಇದೆ. ಆದರೆ ಸಂಭವವೆಂಬುದು ಸಾಕ್ಷಿಯಲ್ಲ. ಇಂಜಿನನ್ನು ಬಿಚ್ಚಿ ಗೋಣಿಯ ಮೇಲೆ ಹರಡಿದ ಮೇಲೆ ತಪ್ಪು ಎಲ್ಲಿತ್ತೆಂದು ಕೇಳುವ ಅವಕಾಶ ಒಡೆಯನಿಗೆ ಉಳಿಯುವುದಿಲ್ಲ. ಹೊಸ ಸೆಟ್ಟು ತಂದು ಜೋಡಿಸುವುದೊಂದೇ ಆಗ ದಾರಿ.

ಹೋಟೆಲು ಗಿರಣಿಗಳಲ್ಲಿ ದುಡಿಯುವವರ ಪತ್ರಿಕೆಯಲ್ಲಿ ಲಾರಿಯ ಮಾತೇಕೆ ಎಂದು ಕೆಲವು ವಾಚಕರು ಕೇಳಬಹುದು. 1980 ಮತ್ತು 1990ರ ದಶಕಗಳಲ್ಲಿ ಅಹಮದಾಬಾದಿನ ಬಟ್ಟೆ ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿದಾಗ, ಕೆಲಸ ಕಳೆದುಕೊಂಡವರಲ್ಲಿ ಅನೇಕರು ಕೈಗೆ ಬಂದ ಅಷ್ಟಿಷ್ಟು ಹಣವನ್ನು ಗಾಲಿಯ ಮೇಲೆ ಹಾಕಿದರು. ಒಬ್ಬರಿಗೆ ರಿಕ್ಷಾ, ಒಬ್ಬರಿಗೆ ಟೆಂಪೊ, ಸ್ವಲ್ಪ ಧೈರ್ಯವಿದ್ದವರಿಗೆ ಸೆಕೆಂಡ್‌ಹ್ಯಾಂಡ್ ಲಾರಿ. ಹೋಟೆಲಿನಲ್ಲಿ ಹತ್ತು ಹದಿನೈದು ವರ್ಷ ಕಾವಲಿಯ ಮುಂದೆ ನಿಂತ ಅಣ್ಣತಮ್ಮಂದಿರು ಚೀಟಿ ಎತ್ತಿ ಹಳೆಯ 407 ಕೊಳ್ಳುವುದು ಇಂದಿಗೂ ನಡೆದಿದೆ. ಮೇಲಾಗಿ ನಮ್ಮ ಮನೆಬಾಗಿಲಿನ ಹೆದ್ದಾರಿಯೇ ನಮ್ಮ ಊರಿನ ಹೆದ್ದಾರಿ. ದೆಹಲಿಯಿಂದ ಹೊರಟ 48ನೆಯ ರಾಷ್ಟ್ರೀಯ ಹೆದ್ದಾರಿ ಅಹಮದಾಬಾದು, ವಡೋದರಾ, ಸೂರತ್ತು, ಮುಂಬಯಿ, ಪುಣೆ, ಕೊಲ್ಹಾಪುರಗಳನ್ನು ದಾಟಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೇಲೆ ಬೆಂಗಳೂರಿಗೂ ಮುಂದೆ ಚೆನ್ನೈಗೂ ಹೋಗುತ್ತದೆ. ಸೂರತ್ತಿನ ಸೀರೆ, ಮೋರ್ಬಿಯ ಟೈಲು ದಕ್ಷಿಣಕ್ಕೆ ಇಳಿಯುವುದೂ ತಿಪಟೂರಿನ ಕೊಬ್ಬರಿ, ಮಲೆನಾಡಿನ ಅಡಿಕೆ ಈ ಕಡೆ ಹತ್ತುವುದೂ ಇದೇ ದಾರಿಯಲ್ಲಿ. ಹಾಗಾಗಿ ಒಂದು ಹಳೆಯ ಇಂಜಿನಿಗೆ ಸುಳ್ಳು ಮರಣಶಾಸನ ಬರೆದರೆ ಒಂದು ಮನೆಯ ವರ್ಷಗಳ ಉಳಿತಾಯ ಗ್ರೀಸಿನ ಬಟ್ಟೆಯಲ್ಲಿ ಸುತ್ತಿ ಹೋಗುತ್ತದೆ.

ನೀಲಿ ಹೊಗೆಯೆಂದರೇನೆಂಬುದನ್ನು ಹೋಟೆಲಿನವರಿಗೆ ನಾವು ವಿವರಿಸಬೇಕಾಗಿಲ್ಲ. ಕಾವಲಿ ಮಿತಿಮೀರಿ ಕಾದಾಗ ಎಣ್ಣೆಯ ಕೈ ತಗಲಿದರೆ ಏಳುವುದೇ ಆ ಹೊಗೆ. ತೆಳ್ಳಗೆ, ನೀಲಿಯಾಗಿ, ಮೂಗಿಗೆ ಜಿಡ್ಡು ಹತ್ತುವಂತೆ. ಲಾರಿಯಲ್ಲೂ ಅದೇ ಕಥೆ. ಇಂಜಿನ್ ಆಯಿಲು ತಾನಿರಬೇಕಾದ ಜಾಗ ಬಿಟ್ಟು ಡೀಸೆಲ್ ಉರಿಯುವ ಜಾಗಕ್ಕೆ ಹೋಗಿ ಸುಡುತ್ತಿದೆ. ಕರಿ ಹೊಗೆ ಬೇರೆ. ಗಿರಣಿಯ ಬಾಯ್ಲರಿನಲ್ಲಿ ಕಲ್ಲಿದ್ದಲು ಹೆಚ್ಚು, ಗಾಳಿ ಕಡಿಮೆಯಾದರೆ ಹೇಗೋ ಹಾಗೆ, ಡೀಸೆಲಿಗೆ ತಕ್ಕಷ್ಟು ಗಾಳಿ ಸಿಗದಿದ್ದರೆ ಕರಿ ಹೊಗೆ. ಅದಕ್ಕೆ ಕಟ್ಟಿದ ಏರ್ ಫಿಲ್ಟರು, ಸುರಿಯುವ ನಾಜಲು, ಪಂಪಿನ ಅಳತೆ ಕಾರಣ. ಬಿಳಿ ಹೊಗೆ ಮತ್ತೂ ಬೇರೆ: ಒಂದೋ ಸುಡದೆ ಹೊರಬಂದ ಡೀಸೆಲು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಒಡೆದು ನುಗ್ಗಿದ ನೀರು.

ಇಲ್ಲಿಯೇ ಮೊದಲನೆಯ ಮೋಸ ಆಗುವುದು. ಚಳಿಗಾಲದ ಬೆಳಗ್ಗೆ ಹಳೆಯ ಡೀಸೆಲ್ ಇಂಜಿನು ಸ್ಟಾರ್ಟಾದಾಗ ಬರುವ ಬಿಳಿ ಹೊಗೆ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ನೀಲಿಯಾಗಿ ಕಾಣುತ್ತದೆ. ಅದು ಕಣ್ಣು ಉರಿಸಿದರೆ, ಇಂಜಿನು ಕಾದ ಮೇಲೆ ಹತ್ತು ನಿಮಿಷದಲ್ಲಿ ಹೋದರೆ, ಹಸಿ ಡೀಸೆಲಿನ ವಾಸನೆ ಇದ್ದರೆ, ಅದು ಆಯಿಲಿನ ಹೊಗೆಯಲ್ಲ. ಇಂಜಿನು ಚೆನ್ನಾಗಿ ಕಾದ ಮೇಲೆ, ಹಿಂದೆ ಕಪ್ಪು ಗೋಡೆಯೋ ಮರದ ನೆರಳೋ ಇರುವ ಕಡೆ ಲಾರಿ ನಿಲ್ಲಿಸಿ, ಬಿಸಿಲು ಪಕ್ಕದಿಂದ ಬರುವಂತೆ ನಿಂತು ನೋಡಬೇಕು. ಆಗಲೂ ನೀಲಿಯಾಗಿದ್ದರೆ ಮುಂದಿನ ಮಾತು.

ಮುಂದಿನ ಮಾತೆಂದರೆ ಲೆಕ್ಕ. ಗುಜರಾತಿಯಲ್ಲಿ ಮಿಸ್ತ್ರಿಗಳು "ಓಯಿಲ್ ಖಾಯ್ ಛೇ" ಎನ್ನುವರು. ನಮ್ಮಲ್ಲಿ ಆಯಿಲು ಕುಡಿಯುತ್ತದೆ ಎನ್ನುತ್ತೇವೆ. ತಿನ್ನಲಿ, ಕುಡಿಯಲಿ, ಎಷ್ಟು ಎಂದು ಕೇಳಿದರೆ ಉತ್ತರ ಹೇಳುವವರು ನೂರಕ್ಕೆ ಒಬ್ಬರಿಲ್ಲ. ಅಹಮದಾಬಾದಿನಿಂದ ಸೂರತ್ತಿಗೆ ಸುಮಾರು 265 ಕಿಲೋಮೀಟರು. ಎರಡು ಸಲ ಹೋಗಿಬಂದರೆ ಸಾವಿರದ ಮೇಲಾಯಿತು. ಹೊರಡುವಾಗ ಸಪಾಟು ನೆಲದಲ್ಲಿ ಗೇಜಿನ ಮೇಲಿನ ಗೆರೆಗೆ ಆಯಿಲು ತುಂಬಿ, ಹಿಂದಿರುಗಿದ ಮೇಲೆ ಅದೇ ಜಾಗದಲ್ಲಿ, ಇಂಜಿನು ನಿಂತು ಹತ್ತು ಹದಿನೈದು ನಿಮಿಷವಾದ ಮೇಲೆ, ಎಷ್ಟು ಸುರಿದರೆ ಮತ್ತೆ ಆ ಗೆರೆ ಮುಟ್ಟುತ್ತದೆಂದು ಅಳೆದು ಬರೆದಿಡಬೇಕು. ಕಸುಬಿನಲ್ಲಿ ಸಾಮಾನ್ಯವಾಗಿ ಒಪ್ಪುವ ಲೆಕ್ಕ, ನೂರು ಲೀಟರು ಡೀಸೆಲಿಗೆ ಅರ್ಧ ಲೀಟರು ಆಯಿಲು. ಲೀಟರಿಗೆ ಐದು ಕಿಲೋಮೀಟರು ಕೊಡುವ ಲಾರಿ ಸಾವಿರ ಕಿಲೋಮೀಟರಿಗೆ ಇನ್ನೂರು ಲೀಟರು ಡೀಸೆಲು ಉರಿಸುತ್ತದೆ. ಅಷ್ಟರಲ್ಲಿ ಒಂದು ಲೀಟರು ಆಯಿಲು ಹೋದರೆ ಹಳೆಯ ಇಂಜಿನಿಗೆ ಅದು ರೋಗವಲ್ಲ, ವಯಸ್ಸು. ಮೂರು ನಾಲ್ಕು ಲೀಟರು ಹೋದರೆ ಯೋಚಿಸಬೇಕು. ಹೋದದ್ದೆಲ್ಲ ಸುಟ್ಟೇ ಹೋಗಿದೆಯೆಂದೂ ತಿಳಿಯಬಾರದು. ಚೇಂಬರಿನ ಗ್ಯಾಸ್ಕೆಟು, ಹಿಂದಿನ ಸೀಲು ಸೋರುತ್ತವೆ. ಏರ್ ಬ್ರೇಕಿನ ಕಂಪ್ರೆಸರು ಸವೆದಿದ್ದರೆ ಆಯಿಲು ಗಾಳಿಯ ಟ್ಯಾಂಕಿಗೆ ಹೋಗಿ ಕೂರುತ್ತದೆ. ಟ್ಯಾಂಕಿನ ಅಡಿಯ ಕಾಕು ತಿರುಗಿಸಿದರೆ ನೀರಿನೊಂದಿಗೆ ಆಯಿಲು ಇಳಿದೀತು.

ಇನ್ನು ಕಾಸಿಲ್ಲದ ಕಾರಣಗಳು. ಇವನ್ನು ನೋಡದೆ ಸ್ಪ್ಯಾನರು ಹಿಡಿಯುವವನನ್ನು ನಾವು ಮಿಸ್ತ್ರಿಯೆಂದು ಕರೆಯಲಾರೆವು.

ಆಯಿಲು ಹೆಚ್ಚಾಗಿರುವುದು ಒಂದು. ಕ್ಲೀನರ್ ಹುಡುಗ ಇಂಜಿನು ನಿಂತ ಕೂಡಲೇ, ಅದೂ ಇಳಿಜಾರಿನಲ್ಲಿ, ಕಡ್ಡಿ ನೋಡಿ ಕಡಿಮೆಯಾಯಿತೆಂದು ಎರಡು ಲೀಟರು ಸುರಿದುಬಿಡುತ್ತಾನೆ. ಹೆಚ್ಚಾದ ಆಯಿಲನ್ನು ಕ್ರ್ಯಾಂಕು ಕಡೆದು ಎಲ್ಲ ಕಡೆಗೂ ಎರಚುತ್ತದೆ, ಅದು ಹೊಗೆಯಾಗಿ ಹೋಗುತ್ತದೆ. ಯಾರೂ ಸುರಿಯದೆ ತಾನೇ ಮಟ್ಟ ಏರುತ್ತಿದ್ದರೆ ಅದು ಇನ್ನೂ ಕೆಟ್ಟದ್ದು: ಡೀಸೆಲು ಒಳಗೆ ಸೋರಿ ಆಯಿಲಿನಲ್ಲಿ ಬೆರೆಯುತ್ತಿದೆ. ಕಡ್ಡಿಯನ್ನು ಮೂಸಿದರೆ ತಿಳಿಯುತ್ತದೆ. ಅಂಥ ಲಾರಿಯನ್ನು ಒಂದು ದಿನವೂ ಓಡಿಸಬಾರದು, ಬೇರಿಂಗುಗಳು ಉಳಿಯವು.

ಹಳೆಯ ಟಾಟಾ 1210, ಲೇಲ್ಯಾಂಡ್ ಕಾಮೆಟ್ ಮುಂತಾದವುಗಳಲ್ಲಿ ಏರ್ ಕ್ಲೀನರಿನ ತಳದಲ್ಲಿ ಆಯಿಲು ತುಂಬುವ ಬಟ್ಟಲಿರುತ್ತದೆ. ಧೂಳು ಅದರಲ್ಲಿ ಸಿಕ್ಕಿಕೊಳ್ಳಲೆಂದು ಆ ಏರ್ಪಾಡು. ಬಟ್ಟಲಿನಲ್ಲಿ ಒಂದು ಗೆರೆಯಿದೆ. ಗೆರೆ ಮೀರಿ ತುಂಬಿದರೆ ಇಂಜಿನು ಗಾಳಿಯೊಂದಿಗೆ ಆಯಿಲನ್ನೂ ಹೀರಿಕೊಂಡು ನೀಲಿಯಾಗಿ ಉಗುಳುತ್ತದೆ. ರಿಂಗು ಚೆನ್ನಾಗಿದೆ, ಲೈನರು ಚೆನ್ನಾಗಿದೆ. ಕೆಟ್ಟದ್ದು ತುಂಬಿದವನ ಕೈ ಮಾತ್ರ. ಹಾಗೆಯೇ ಬ್ರೀದರ್ ಪೈಪು. ಇಂಜಿನಿನ ಹೊಟ್ಟೆಯ ಗಾಳಿ ಹೊರಹೋಗುವ ಈ ಪೈಪು ಮಣ್ಣು ಜಿಡ್ಡು ಸೇರಿ ಕಟ್ಟಿದರೆ ಒಳಗಿನ ಒತ್ತಡ ಆಯಿಲನ್ನು ಸೀಲುಗಳಿಂದಲೂ ವಾಲ್ವ್ ಗೈಡುಗಳಿಂದಲೂ ತಳ್ಳುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಂದು ತಂತಿ ಆಡಿಸಿದರೆ ಮುಗಿಯುವ ಕೆಲಸ.

ಇವೆಲ್ಲ ಸರಿಯಿದ್ದೂ ಹೊಗೆ ನಿಲ್ಲದಿದ್ದರೆ, ಅದು ಯಾವಾಗ ಬರುತ್ತದೆ ಎಂಬುದನ್ನು ನೋಡಬೇಕು. ರಾತ್ರಿಯೆಲ್ಲ ನಿಂತ ಲಾರಿ ಬೆಳಗ್ಗೆ ಸ್ಟಾರ್ಟಾದೊಡನೆ ಭಗ್ಗನೆ ಒಂದು ನೀಲಿ ಮೋಡ ಬಿಟ್ಟು ಆಮೇಲೆ ಶುಭ್ರವಾದರೆ, ಆಯಿಲು ಮೇಲಿನಿಂದ, ವಾಲ್ವ್ ಗೈಡಿನ ಸಂದಿನಿಂದ ತೊಟ್ಟಿಕ್ಕಿ ಸಿಲಿಂಡರಿನಲ್ಲಿ ಕೂತಿತ್ತೆಂದು ಅರ್ಥ. ಗೋದಾಮಿನ ಮುಂದೆ ಅರ್ಧ ಗಂಟೆ ಸ್ಲೋ ಓಡಿ, ಹೊರಡುವಾಗ ರೇಸ್ ಕೊಟ್ಟರೆ ಅದೇ ರೀತಿ ಬರುವುದುಂಟು. ಇದು ಹೆಡ್ಡಿನ ಕೆಲಸ. ಹೆಡ್ ಇಳಿಸಿ ಗೈಡು, ಸೀಲು ಬದಲಿಸಿದರೆ ಸಾಕು, ಪಿಸ್ಟನ್ ಮುಟ್ಟಬೇಕಾಗಿಲ್ಲ. ಇಲ್ಲೊಂದು ಮಾತು. ಕಾರು ರಿಪೇರಿ ಮಾಡಿ ಕಲಿತವರು "ಇಳಿಜಾರಿನಲ್ಲಿ ರೇಸ್ ಬಿಟ್ಟು ಇಳಿದು ಮತ್ತೆ ಕೊಟ್ಟಾಗ ಹೊಗೆ ಬಂದರೆ ಗೈಡು" ಎಂದು ಕಣ್ಣು ಮುಚ್ಚಿ ಹೇಳುವರು. ಪೆಟ್ರೋಲ್ ಇಂಜಿನಿನಲ್ಲಿ ರೇಸ್ ಬಿಟ್ಟಾಗ ಗಾಳಿಯ ದಾರಿ ಮುಚ್ಚಿಕೊಂಡು ಬಲವಾದ ಹೀರುವಿಕೆ ಆಗುತ್ತದೆ, ಅಲ್ಲಿ ಆ ಮಾತು ನಿಜ. ಹಳೆಯ ಡೀಸೆಲಿನಲ್ಲಿ ಗಾಳಿಯ ದಾರಿಗೆ ಅಂಥ ಮುಚ್ಚಳವೇ ಇಲ್ಲ. ಆದ್ದರಿಂದ ಲಾರಿಗೆ ಆ ಪರೀಕ್ಷೆಯೊಂದನ್ನೇ ನಂಬಬಾರದು.

ಟರ್ಬೊ ಇರುವ ಲಾರಿಯಾದರೆ ರಿಂಗಿನ ಹೆಸರೆತ್ತುವ ಮೊದಲು ಟರ್ಬೊದಿಂದ ಇಂಜಿನಿಗೆ ಹೋಗುವ ಹೋಸನ್ನು ಬಿಚ್ಚಿ ಒಳಗೆ ಬೆರಳಾಡಿಸಬೇಕು. ತೆಳ್ಳಗೆ ಜಿಡ್ಡಿದ್ದರೆ ಸಹಜ. ಆಯಿಲು ಕೆರೆಯಂತೆ ನಿಂತಿದ್ದರೆ ದೋಷ ಟರ್ಬೊದ ಕಡೆ. ಆಗಲೂ ಹೊಸ ಟರ್ಬೊ ತರಲು ಓಡಬೇಕಾಗಿಲ್ಲ. ಏರ್ ಫಿಲ್ಟರು ಕಟ್ಟಿದ್ದರೆ ಟರ್ಬೊ ತನ್ನ ಸೀಲಿನಿಂದಲೇ ಆಯಿಲನ್ನು ಎಳೆದುಕೊಳ್ಳುತ್ತದೆ. ಟರ್ಬೊದಿಂದ ಚೇಂಬರಿಗೆ ಆಯಿಲು ಹಿಂದಿರುಗುವ ಪೈಪು ಬಾಗಿದ್ದರೆ, ಕರಿ ಹಿಡಿದು ಕಿರಿದಾಗಿದ್ದರೆ, ಇಳಿಯಲಾರದ ಆಯಿಲು ಸೀಲನ್ನು ದಾಟುತ್ತದೆ. ಎರಡೂ ಅಗ್ಗದ ಕೆಲಸ. ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಅಲುಗಿಸಿದಾಗ ಚಕ್ರ ಗೋಡೆಗೆ ತಾಗಿದರೆ ಮಾತ್ರ ಟರ್ಬೊ ಬದಲಾಯಿಸುವ ಮಾತು. ಇಷ್ಟು ಬೇಗ ಕೆಡಲು ಕಾರಣ ಅನೇಕ ಸಲ ನಮ್ಮ ಡ್ರೈವರರೇ. ವಡೋದರಾದಿಂದ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ 93 ಕಿಲೋಮೀಟರು ಒಂದೇ ಉಸಿರಿಗೆ ಬಂದು, ಅಹಮದಾಬಾದಿನ ಚಹಾದಂಗಡಿಯ ಮುಂದೆ ಚಾವಿ ತಿರುಗಿಸಿ ಇಳಿದುಬಿಟ್ಟರೆ, ಕೆಂಪಗೆ ಕಾದ ಟರ್ಬೊದೊಳಗೆ ನಿಂತ ಆಯಿಲು ಅಲ್ಲಿಯೇ ಸುಟ್ಟು ಕರಿಯಾಗುತ್ತದೆ. ಎರಡು ಮೂರು ನಿಮಿಷ ಸ್ಲೋ ಓಡಿಸಿ ಆಮೇಲೆ ನಿಲ್ಲಿಸಬೇಕು. ಚಹಾ ಅಷ್ಟರಲ್ಲಿ ಆರುವುದಿಲ್ಲ.

ಕೊನೆಗೆ ರಿಂಗು ಮತ್ತು ಲೈನರು. ಇಲ್ಲಿ ಹೊಗೆ ಒಂದು ಗಳಿಗೆಯದಲ್ಲ. ಇಂಜಿನು ಬಿಸಿಯಾಗಿ ಭಾರ ಎಳೆಯುವಾಗ ಬಿಡದೆ ಬರುತ್ತದೆ. ಅಹಮದಾಬಾದಿನಿಂದ ಸೂರತ್ತಿನವರೆಗೆ ನೆಲ ಸಪಾಟು, ರೋಗ ಅಡಗಿರಬಹುದು. ತುಂಬಿದ ಲಾರಿ ಖಂಡಾಲಾ ಘಾಟನ್ನೋ ಸಾತಾರೆಯ ಈಚಿನ ಖಂಬಾಟಕಿಯನ್ನೋ ಏರುವಾಗ ಹಿಂದಿನವರಿಗೆ ರಸ್ತೆ ಕಾಣದಷ್ಟು ಹೊಗೆ ಎದ್ದೀತು. ಬಿಸಿ ಇಂಜಿನು ಸ್ಲೋ ಓಡುವಾಗ ಆಯಿಲ್ ತುಂಬುವ ಮುಚ್ಚಳ ಸಡಿಲಿಸಿದರೆ ರೈಲು ಇಂಜಿನಿನಂತೆ ಭುಸ್ ಭುಸ್ ಎಂದು ಹೊಗೆ ತಳ್ಳಿದರೆ, ಸಿಲಿಂಡರಿನ ಒತ್ತಡ ಕೆಳಕ್ಕೆ ಸೋರುತ್ತಿದೆ. ಆದರೆ ಇದೂ ಸುಳಿವೇ ಹೊರತು ತೀರ್ಪಲ್ಲ. ತೀರ್ಪಿಗೆ ಎರಡು ಪರೀಕ್ಷೆಗಳಿವೆ. ನಾಜಲುಗಳನ್ನು ತೆಗೆದು ಒಂದೊಂದು ಸಿಲಿಂಡರಿಗೂ ಕಂಪ್ರೆಶನ್ ಗೇಜು ಹಾಕಿ ಅಂಕಿ ಬರೆದುಕೊಳ್ಳುವುದು ಒಂದು. ಒಂದು ಸಿಲಿಂಡರು ಮಾತ್ರ ಬಿದ್ದಿದೆಯೋ ಆರೂ ಬಿದ್ದಿವೆಯೋ ಎಂಬುದರಲ್ಲಿ ಬಹಳ ವ್ಯತ್ಯಾಸವಿದೆ. ಪಿಸ್ಟನನ್ನು ಮೇಲೆ ನಿಲ್ಲಿಸಿ ಕಂಪ್ರೆಸರಿನ ಗಾಳಿ ಒಳಬಿಟ್ಟು ಕಿವಿಗೊಡುವುದು ಇನ್ನೊಂದು. ಗಾಳಿ ಆಯಿಲ್ ಮುಚ್ಚಳದಲ್ಲಿ ಬಂದರೆ ರಿಂಗು, ಸೈಲೆನ್ಸರಿನಲ್ಲಿ ಬಂದರೆ ಹೊರಗಿನ ವಾಲ್ವು, ಏರ್ ಕ್ಲೀನರಿನಲ್ಲಿ ಬಂದರೆ ಒಳಗಿನ ವಾಲ್ವು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟು. ಇದಕ್ಕೆ ಅರ್ಧ ದಿನದ ಕೂಲಿ ಕೊಡಬೇಕಾದೀತು. ಧಾರಾಳವಾಗಿ ಕೊಡಬೇಕೆಂಬುದು ನಮ್ಮ ಅಭಿಮತ. ನೋಡಿದ್ದಕ್ಕೆ ಕಾಸು ಕೊಡದೆ ಬಿಚ್ಚಿದ್ದಕ್ಕೆ ಮಾತ್ರ ಕೊಡುವ ನಮ್ಮ ಜಿಪುಣತನವೇ ಮಿಸ್ತ್ರಿಗಳಿಗೆ ಬಿಚ್ಚುವ ಚಟ ಕಲಿಸಿತೆಂದರೂ ತಪ್ಪಲ್ಲ.

ಪರೀಕ್ಷೆಯಲ್ಲಿ ರಿಂಗೆಂದೇ ತೀರ್ಮಾನವಾದರೆ ಆಗ ಕೆಲಸವನ್ನು ಅರೆಬರೆ ಮಾಡಿಸಬಾರದು. ಟಾಟಾದ 697 ಇಂಜಿನಿನ ಹೆಸರೇ ಅದರ ಅಳತೆ: ಆರು ಸಿಲಿಂಡರು, 97 ಮಿಲಿಮೀಟರ್ ಬೋರು. ಆ ಬೋರು ಕಾಲು ಮಿಲಿಮೀಟರಿನಷ್ಟು ಸವೆಯುವ ಮೊದಲೇ ಆಯಿಲು ಮೇಲೇರಲು ಶುರುವಾಗುತ್ತದೆ. ಅಳೆಯದೆ, ಬೋರಿಗೆ ಕಲ್ಲು ಹಾಕಿ ಗೀರದೆ, ಕನ್ನಡಿಯಂತೆ ನುಣುಪಾದ ಗೋಡೆಗೆ ಬರೀ ಹೊಸ ರಿಂಗು ಕೂರಿಸಿದರೆ ಆ ರಿಂಗು ಹಿಡಿಯುವುದಿಲ್ಲ. ಖರ್ಚೂ ಆಯಿತು, ಹೊಗೆಯೂ ಉಳಿಯಿತು. ರಿಂಗಿನ ಮೇಲಿನ ಗುರುತು ಮೇಲೆಯೇ ಇರಬೇಕು, ಬಾಯಿಗಳು ಒಂದರ ನೇರಕ್ಕೊಂದು ಬರಬಾರದು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ, ಅದನ್ನು ಕೇಳುವವರೇ ಕಡಿಮೆ: ಬೋರು ಸವೆದದ್ದೇಕೆ? ಏರ್ ಕ್ಲೀನರಿನಿಂದ ಇಂಜಿನಿಗೆ ಹೋಗುವ ರಬ್ಬರ್ ಹೋಸಿನಲ್ಲಿ ಒಂದು ಬಿರುಕಿದ್ದರೆ ಸಾಕು, ದಾರಿಯ ಧೂಳೆಲ್ಲ ಒಳಗೆ ಹೋಗಿ ಅರೆಯುವ ಕಲ್ಲಿನಂತೆ ಕೆಲಸ ಮಾಡುತ್ತದೆ. ಹೋಸಿನ ಒಳಮೈಗೆ ಬಿಳಿ ಬಟ್ಟೆ ಹಾಕಿ ಒರೆಸಿದರೆ ಧೂಳಿನ ದಾರಿ ಕಾಣುತ್ತದೆ. ಆ ಹೋಸನ್ನು ಹಾಗೆಯೇ ಬಿಟ್ಟು ಹೊಸ ಲೈನರು ಹಾಕಿದರೆ ಹೊಸ ಲೈನರಿಗೂ ಅದೇ ಗತಿ.

ಕೆಲವರು ಇದಾವುದೂ ಬೇಡವೆಂದು ದಪ್ಪ ಆಯಿಲನ್ನೋ ಡಬ್ಬಿಯ ಔಷಧವನ್ನೋ ಸುರಿಯುತ್ತಾರೆ. ಹೊಗೆ ಕೆಲವು ದಿನ ಕಡಿಮೆಯಾಗುತ್ತದೆ, ನಿಜ. ತನ್ನ ಲಾರಿಗೆ ತಾನೇ ಹಾಕಿಕೊಂಡರೆ ಅದು ಕಾಲಹರಣ. ಮಾರುವ ಮುನ್ನಾದಿನ ಹಾಕಿದರೆ ಅದು ಮೋಸ. ಬೇರೆ ಹೆಸರು ನಮಗೆ ತೋಚದು. ಆದಕಾರಣ ಹಳೆಯ ಲಾರಿ ಕೊಳ್ಳುವ ನಮ್ಮ ಬಂಧುಗಳು ಮುಂಜಾನೆ ಹೋಗಬೇಕು, ಇಂಜಿನನ್ನು ಕೈಯಿಂದ ಮುಟ್ಟಿ ನೋಡಬೇಕು. ಆಗಲೇ ಬೆಚ್ಚಗಿದ್ದರೆ "ನಾಳೆ ಬರುತ್ತೇವೆ, ತಣ್ಣಗಿರಲಿ" ಎಂದು ಹೇಳಿ ಬಂದುಬಿಡಬೇಕು. ಸೈಲೆನ್ಸರಿನ ಬಾಯೊಳಗೆ ಬೆರಳು ಹಾಕಿದಾಗ ಒಣ ಮಸಿ ಹತ್ತಿದರೆ ಸರಿ, ಜಿಡ್ಡು ಮಸಿ ಹತ್ತಿದರೆ ಬೆಲೆ ಇಳಿಸಿ ಮಾತಾಡಬೇಕು.

ಪಿ.ಯು.ಸಿ. ಚೀಟಿ ಇದೆಯಲ್ಲ ಎಂಬ ಸಮಾಧಾನವೂ ಸಲ್ಲದು. ಆ ಯಂತ್ರ ನೋಡುವುದು ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆಂಬುದನ್ನು; ಅದಕ್ಕೆ ಬಣ್ಣ ತಿಳಿಯದು. ಬಿಸಿ ಇಂಜಿನಿನ ತೆಳು ನೀಲಿ ಹೊಗೆ ಎಷ್ಟೋ ಸಲ ಪಾಸಾಗಿ ಬರುತ್ತದೆ. ಸೂರತ್ತಿನಲ್ಲಿ 2019ರಲ್ಲಿ ಗಿರಣಿ ಕಾರ್ಖಾನೆಗಳ ಹೊಗೆಗೊಳವೆಗಳಿಗೆ ಎಡೆಬಿಡದೆ ಅಳೆಯುವ ಯಂತ್ರ ಕೂರಿಸಿ, ಧೂಳಿನ ಲೆಕ್ಕದ ಮೇಲೆ ಪರವಾನಗಿ ಕೊಂಡು ಮಾರುವ ಏರ್ಪಾಡು ಶುರುವಾಯಿತು. ಗೊಳವೆಗೆ ಬಂದ ಲೆಕ್ಕ ಲಾರಿಗೆ ಬಂದಿಲ್ಲ. ಆದರೆ ಆಯಿಲಿನ ಹೊಗೆಯನ್ನು ಮೊದಲು ಕುಡಿಯುವವರು ಕ್ಯಾಬಿನ್ನಿನಲ್ಲಿ ಮಲಗುವ ಡ್ರೈವರು, ಗೋದಾಮಿನ ಹಮಾಲರು, ರಸ್ತೆಬದಿಯ ಹೋಟೆಲಿನ ಹುಡುಗರು, ಅಂದರೆ ನಾವೇ. 2021ರ ಆಗಸ್ಟ್ 13ರಂದು ಗುಜರಾತಿನ ಹೂಡಿಕೆದಾರರ ಸಮ್ಮೇಳನದಲ್ಲಿಯೇ ಪ್ರಧಾನಿಗಳು ಹಳೆಯ ವಾಹನಗಳ ಗುಜರಿ ನೀತಿಯನ್ನು ಸಾರಿದರು. 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಲಾರಿಯ ಫಿಟ್ನೆಸ್ ಶುಲ್ಕ 1,500 ರೂಪಾಯಿಯಿಂದ 12,500ಕ್ಕೆ ಏರಿತು. ಹಳೆಯ ಲಾರಿಯ ಉಳಿವಿಗೆ ಕಾಲ ಬಿಗಿಯಾಗುತ್ತಿದೆ. ಇಂಥ ಸಮಯದಲ್ಲಿ ಬೇಡದ ಕೆಲಸಕ್ಕೆ ಹಣ ಸುರಿದು, ಬೇಕಾದ ಕೆಲಸಕ್ಕೆ ಇಲ್ಲವಾಗುವುದು ಬೇಡ.

ಎಚ್ಚರಿಕೆಯ ಒಂದು ಮಾತನ್ನು ಬಿಡುವಂತಿಲ್ಲ. ಆಯಿಲು ಬಹಳವಾಗಿ ಒಳಗೆ ನುಗ್ಗತೊಡಗಿದರೆ ಡೀಸೆಲ್ ಇಂಜಿನು ಆ ಆಯಿಲನ್ನೇ ಉರಿಸಿಕೊಂಡು ತಾನಾಗಿ ರೇಸಾಗುತ್ತದೆ; ಚಾವಿ ತೆಗೆದರೂ ನಿಲ್ಲುವುದಿಲ್ಲ. ಆಗ ಲಾರಿ ಓಡುತ್ತಿದ್ದರೆ ಬ್ರೇಕು ಬಿಗಿಯಾಗಿ ಒತ್ತಿ, ಮೇಲಿನ ಗೇರಿನಲ್ಲಿ ಕ್ಲಚ್ಚು ಬಿಟ್ಟು ಇಂಜಿನನ್ನು ಉಸಿರುಗಟ್ಟಿಸಿ ನಿಲ್ಲಿಸಬೇಕು. ನಿಂತ ಲಾರಿಯಾದರೆ ಗಾಳಿ ಒಳಹೋಗುವ ಬಾಯಿಗೆ ಗಟ್ಟಿ ಹಲಗೆಯನ್ನೋ ತಗಡನ್ನೋ ಒತ್ತಬೇಕು. ಕೈ ಅಡ್ಡ ಇಡಲೇಬಾರದು, ಬಟ್ಟೆ ತುರುಕಬಾರದು, ಅದನ್ನು ಇಂಜಿನು ಎಳೆದುಕೊಳ್ಳುತ್ತದೆ. ಬಳಿಗೆ ಹೋಗಲು ಆಗದಂತಿದ್ದರೆ ದೂರ ಓಡಬೇಕು. ಇಂಜಿನು ಒಡೆದರೆ ತುಂಡುಗಳು ಹಾರುತ್ತವೆ.

ಗ್ಯಾರೇಜಿಗೆ ಹೋಗುವ ದಿನ ಆಯಿಲಿನ ಲೆಕ್ಕದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಹೊಗೆ ಬೆಳಗ್ಗೆ ಬರುತ್ತದೋ, ಭಾರಕ್ಕೆ ಬರುತ್ತದೋ, ಸ್ಲೋ ನಿಂತ ಮೇಲೆ ಬರುತ್ತದೋ ಅದರಲ್ಲಿ ಬರೆದಿರಲಿ. ಕಂಪ್ರೆಶನ್ನಿನ ಆರು ಅಂಕಿಗಳನ್ನು ಮಿಸ್ತ್ರಿಯ ಕೈಯಿಂದಲೇ ಅದರ ಕೆಳಗೆ ಬರೆಸಿಕೊಂಡ ಮೇಲೆ ಬಿಚ್ಚಲು ಹೇಳಬಹುದು. ಬದಲಿಸಿದ ಹಳೆಯ ರಿಂಗು, ಗೈಡು, ಸೀಲುಗಳನ್ನು ಚೀಲಕ್ಕೆ ಹಾಕಿಕೊಡಲು ಮೊದಲೇ ಹೇಳಿರಬೇಕು, ಬಿಲ್ಲು ಚುಕ್ತಾ ಮಾಡುವ ಮುಂಚೆ ಅವನ್ನು ಎಣಿಸಿ ನೋಡಬೇಕು.